ಸುಣ್ಣದ ಕೆಳಗಿನ ಸಾಲು

ಆಕೆ ಶಾಂತ ಸ್ವಭಾವದವರಾಗಿದ್ದರು ಎಂದು ಮಣ್ಣು ಮಾಡಿದ ದಿನ ಚರ್ಚಿನಲ್ಲಿ ಮೈಕ್ ಹಿಡಿದವರೆಲ್ಲ ಹೇಳಿದರು. ಸುಳ್ಳು. ಯಾರ ಮನಸ್ಸನ್ನೂ ನೋಯಿಸಿದವರಲ್ಲ ಎಂದರು. ಅದೂ ಸುಳ್ಳು, ಹಾಗೆ ಹೇಳಿದವರಲ್ಲೇ ಅರ್ಧ ಜನ ಆಕೆಯಿಂದ ಬೈಸಿಕೊಂಡವರು. ಸತ್ತವರನ್ನು ಹೀಗೆ ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ಮಡಚಿಡುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೊನೆಯ ಬೆಂಚಿನಲ್ಲಿ ಕೂತು ಕೇಳಿಸಿಕೊಂಡೆ. ಎದ್ದು ಹೋಗಲಿಲ್ಲ. ಆಕೆಯಾಗಿದ್ದರೆ ಸೀಟಿ ಊದುತ್ತಿದ್ದರು.

ಹಾಗಾಗಿ ಇದು ಜೀವನ ಚರಿತ್ರೆಯಲ್ಲ. ಎಲ್ಲಿ ಹುಟ್ಟಿದರು, ಯಾಕೆ ಮದುವೆಯಾಗಲಿಲ್ಲ, ಯಾವ ಪ್ರಶಸ್ತಿ ಬಂತು ಎಂಬುದೆಲ್ಲ ಬೇಕಾದವರು ಆ ಮೈಕಿನವರನ್ನು ಕೇಳಬಹುದು. ಹೆಸರನ್ನೂ ನಾನು ಬರೆಯುವುದಿಲ್ಲ. ಯಾಕೆ ಎನ್ನುವುದು ಕೊನೆಯಲ್ಲಿದೆ. ನಮ್ಮ ಚಂದ್ರಾ ಲೇಔಟಿನಲ್ಲಿ ಎಲ್ಲರಿಗೂ ಅವರು ಪಿ.ಟಿ. ಮೇಡಂ, ಅಷ್ಟೆ. ಮಾಗಡಿ ರಸ್ತೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಮಕ್ಕಳನ್ನು ಓಡಿಸಿ, ನೆಗೆಸಿ, ಸಾಲಾಗಿ ನಿಲ್ಲಿಸಿ ನಿವೃತ್ತರಾದವರು. ನಮ್ಮ ಮನೆಯ ಕೆಳಗಿನ ಮನೆಯಲ್ಲಿದ್ದರು.

ನಿವೃತ್ತಿಯ ದಿನ ಆಟದ ಸಾಮಾನಿನ ಕೋಣೆಯ ಬೀಗದ ಕೈ ಒಪ್ಪಿಸಿದರಂತೆ, ಸೀಟಿ ಒಪ್ಪಿಸಲಿಲ್ಲ. ಅದು ಕೊರಳಲ್ಲೇ ಉಳಿಯಿತು. ವಿಜಯನಗರದ ಮಾರ್ಕೆಟ್ಟಿಗೆ ಸೊಪ್ಪು ತರಲು ಹೋಗುವಾಗಲೂ ಇರುತ್ತಿತ್ತು. ಫುಟ್‌ಪಾತಿನ ಮೇಲೆ ಬೈಕು ಏರಿತೋ, ಸೀಟಿ. ಜನರನ್ನು ನೋಡುವ ಕ್ರಮವೂ ಬೇರೆ: ಮೊದಲು ಮಂಡಿ, ಆಮೇಲೆ ಮುಖ. ಒಮ್ಮೆ ಊಟ ತಲುಪಿಸುವ ಒಬ್ಬ ಯುವಕನನ್ನು ಅಡ್ಡಗಟ್ಟಿದ್ದನ್ನು ನಾನೇ ನೋಡಿದ್ದೇನೆ.

"ಇಳಿ. ತಳ್ಕೊಂಡು ಹೋಗು."

"ಆರ್ಡರ್ ಲೇಟ್ ಆಕ್ಕತ್ರೀ ಅಕ್ಕಾರ."

"ಆಗ್ಲಿ. ಮೊದ್ಲು ಆ ಮಂಡಿ ಒಳಕ್ಕೆ ತಗೋ. ಹಂಗೆ ಕಾಲು ಅಗಲಿಸ್ಕೊಂಡು ಓಡ್ಸಿದ್ರೆ ಮುದುಕ ಆಗೋಕೆ ಮುಂಚೆ ಕುಂಟ ಆಗ್ತೀಯ."

ಆತ ಇಳಿದು ತಳ್ಳಿಕೊಂಡು ಹೋದ ಎಂದು ಬರೆದರೆ ಚೆನ್ನಾಗಿರುತ್ತದೆ. ಇಳಿಯಲಿಲ್ಲ. ನಕ್ಕು, ಪಕ್ಕದ ಬಾಳೆಹಣ್ಣಿನ ಗಾಡಿ ಸವರಿಕೊಂಡು ಹೋದ. ಆದರೆ ಹೋಗುವಾಗ ಮಂಡಿ ಒಳಗೆ ತೆಗೆದುಕೊಂಡಿದ್ದ. ಅಥವಾ ಇದು ನಾನು ಆಮೇಲೆ ಸೇರಿಸಿಕೊಂಡದ್ದೋ, ಗೊತ್ತಿಲ್ಲ. ಮರುದಿನವೂ ಆಕೆ ಅದೇ ಫುಟ್‌ಪಾತಿನಲ್ಲಿ ನಿಂತಿದ್ದರು ಎಂಬುದು ಮಾತ್ರ ಗೊತ್ತು.

ಅಷ್ಟು ಜನರ ಮಂಡಿ ತಿದ್ದಿದವರಿಗೆ ತಮ್ಮ ಮಂಡಿಗಳೇ ಕೈಕೊಟ್ಟವು. ಭಾನುವಾರದ ಆರಾಧನೆಗೆ ಹೋಗಲು ಆಟೋ ಹತ್ತುವುದೂ ಕಷ್ಟವಾದಾಗ ನನ್ನ ಸ್ಕೂಟರಿನ ಹಿಂದೆ ಕೂರತೊಡಗಿದರು. ನಾನು ಅವರ ಧರ್ಮದವನಲ್ಲ, ದೇವರ ವಿಷಯದಲ್ಲಿ ಅಂಥ ಆಸಕ್ತಿಯವನೂ ಅಲ್ಲ. ಅವರು ಒಳಗೆ ಹಾಡುತ್ತಿದ್ದರೆ ನಾನು ಅಂಗಳದಲ್ಲಿ ಕಾಯುತ್ತಿದ್ದೆ. ಆ ಕಲ್ಲನ್ನು ನೋಡಿದ್ದು ಹಾಗೆ.

ಮಾಗಡಿ ರಸ್ತೆಯಿಂದ ಒಂದಿಷ್ಟು ಒಳಗಿರುವ ಹಳೆಯ ಸಣ್ಣ ಚರ್ಚು ಅದು. ಸುತ್ತ ಹಳ್ಳಿಯಿದ್ದಾಗ ಕಟ್ಟಿದ್ದು. ಹಳ್ಳಿ ಹೋಗಿ ಮೂರಂತಸ್ತಿನ ಮನೆಗಳು ಮೇಲೆ ಬಾಗಿ ನಿಂತಿವೆ. ಅಂಗಳದ ಒಂದು ಬದಿಯಲ್ಲಿ ಒಂದಿಪ್ಪತ್ತು ಸಮಾಧಿಗಳು. ಅವುಗಳ ನಡುವೆ ಎದೆಯೆತ್ತರದ, ಬೆಳ್ಳಗೆ ಊದಿಕೊಂಡ ಒಂದು ಕಂಬ. ನಾಲ್ಕು ಮುಖ ಇದ್ದಿರಬೇಕು ಎಂದು ಊಹಿಸಬಹುದಿತ್ತು, ಮೂಲೆಗಳೆಲ್ಲ ದುಂಡಗಾಗಿದ್ದವು. ಬುಡದಲ್ಲಿ ದಿಂಬಿನಂಥ ಒಂದು ಉಬ್ಬು. ಮಕ್ಕಳು ಅದರ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದವು.

ನವೆಂಬರ್ ಶುರುವಿನಲ್ಲಿ ಸತ್ತವರನ್ನು ನೆನೆಯುವ ದಿನವೊಂದಿದೆ. ಅದರ ಹಿಂದಿನ ವಾರ ಮನೆಯವರೆಲ್ಲ ಬಂದು ತಮ್ಮ ತಮ್ಮವರ ಸಮಾಧಿಗೆ ಸುಣ್ಣ ಹೊಡೆಯುತ್ತಾರೆ, ದಿನದಂದು ಹೂವು, ಮೇಣದ ಬತ್ತಿ. ಬಕೆಟ್ಟಿನಲ್ಲಿ ಮಿಕ್ಕ ಸುಣ್ಣ? ಚೆಲ್ಲಬಾರದು ಎಂದು ಹಿರಿಯರು ಹೇಳಿದ್ದರಂತೆ. ಅದನ್ನೆಲ್ಲ ತಂದು ಆ ಕಂಬಕ್ಕೆ ಬಳಿಯುವುದು ಪದ್ಧತಿ. ಅದು ಯಾರದ್ದೂ ಅಲ್ಲದ ಕಲ್ಲು, ಆದ್ದರಿಂದ ಎಲ್ಲರ ಸುಣ್ಣವೂ ಅದಕ್ಕೆ. ಒಂದೊಂದು ಸಮಾಧಿಗೆ ಒಂದು ಪದರ ಬಿದ್ದ ವರ್ಷ ಕಂಬಕ್ಕೆ ಇಪ್ಪತ್ತು ಬಿದ್ದಿರಬೇಕು. ನೂರು ವರ್ಷದ ಹತ್ತಿರ ಹೀಗೆ ಪ್ರೀತಿಯಿಂದ ಬಳಿದು ಬಳಿದು ಅದರ ಮುಖವನ್ನೇ ಮುಚ್ಚಿಹಾಕಿದ್ದರು.

ಮುಂದಿನ ರಸ್ತೆ ಅಗಲವಾಗಿ ಕಾರು ನಿಲ್ಲಿಸಲು ಜಾಗವಿಲ್ಲದಾಗ ಸಮಿತಿಯವರ ಕಣ್ಣು ಅಂಗಳದ ಮೇಲೆ ಬಿತ್ತು. ಸಮಾಧಿ ಮುಟ್ಟುವ ಹಾಗಿಲ್ಲ. ಕಂಬ ಮುಟ್ಟಬಹುದು. ಆರಾಧನೆ ಮುಗಿದ ಮೇಲೆ ಅಂಗಳದಲ್ಲೇ ಸಭೆ ನಡೆಯಿತು. ಸಮಿತಿಯ ಸೆಕ್ರೆಟರಿ ಆಗಷ್ಟೇ ಬ್ಯಾಂಕಿನ ಕೆಲಸ ಬಿಟ್ಟಿದ್ದವರು, ಮೇಡಂ ಮಾಸ್ತರಿಕೆಯ ಮೊದಲ ವರ್ಷಗಳಲ್ಲಿ ಅವರ ವಿದ್ಯಾರ್ಥಿ. ಕೆಟ್ಟವರಲ್ಲ. ಮುದುಕಿಯರು ಮಳೆಯಲ್ಲಿ ದೂರದಿಂದ ನಡೆದು ಬರುವುದು ನೋಡಲಾಗದೆ ಹೊರಟವರು.

"ಅದ್ರಲ್ಲಿ ಏನೂ ಬರ್ದಿಲ್ಲ, ಸುಮ್ನೆ ಒಂದು ಕಲ್ಲು ಮೇಡಂ," ಎಂದರು.

"ಬರ್ದಿಲ್ಲ ಅಂತ ನಿಂಗೆ ಯಾರು ಹೇಳಿದ್ದು?"

"ಕಣ್ಣಿಗೆ ಕಾಣ್ತಾ ಇದೆಯಲ್ಲ."

"ನಿನ್ನ ಕಣ್ಣಿನ ಕಥೆ ನಂಗೊತ್ತಿಲ್ವೇನಪ್ಪಾ. ಹೈಜಂಪ್‌ನಲ್ಲಿ ಕೋಲಿನ ಕೆಳಗೆ ನುಸುಳಿ ಆ ಕಡೆ ಎದ್ದು 'ದಾಟ್‌ದೆ ಮಿಸ್' ಅಂದೋನು ನೀನು."

ಸಭೆಯೆಲ್ಲ ನಕ್ಕಿತು. ಸೆಕ್ರೆಟರಿಯೂ ನಕ್ಕರು, ಕಿವಿ ಕೆಂಪಾಗಿತ್ತು. ಆಮೇಲೆ ಮೇಡಂ ಯಾರೂ ಕೇಳಿರದ ಮಾತು ಹೇಳಿದರು. "ಅದು ಯುದ್ಧಕ್ಕೆ ಹೋದೋರ ಕಲ್ಲು. ನಮ್ಮ ತಾತನ ಹೆಸರಿದೆ ಅದ್ರಲ್ಲಿ. ಅಮ್ಮನ ಅಪ್ಪ. ಹೋದೋರು ಬರ್ಲೇ ಇಲ್ಲ. ನಮ್ಮಮ್ಮ ಮಿಕ್ಕ ಸುಣ್ಣ ಹೊಡೀತಿರ್ಲಿಲ್ಲ ಅದಕ್ಕೆ, ಹೊಸದಾಗಿ ಕಲಸ್ಕೊಂಡು ಬರ್ತಿದ್ಲು. 'ಇದು ನಮ್ಮಪ್ಪಂಗೆ' ಅಂತ."

ಅಯ್ಯನವರು, ಅಂದರೆ ಅಲ್ಲಿನ ಪಾದ್ರಿಗಳು, ಮೆತ್ತಗಿನ ಮನುಷ್ಯ. ಎರಡೂ ಕಡೆಯವರಿಗೆ ನೋವಾಗದಂತೆ ಒಂದು ತೀರ್ಪು ಕೊಟ್ಟರು. ಸತ್ತವರ ದಿನದೊಳಗೆ ಮೇಡಂ ಆ ಹೆಸರನ್ನು ತೋರಿಸಿದರೆ ಕಲ್ಲು ಇರುತ್ತದೆ. ತೋರಿಸದಿದ್ದರೆ ಹೋಗುತ್ತದೆ.

"ಆಯ್ತು," ಎಂದರು ಮೇಡಂ. ನನ್ನ ಕಡೆ ತಿರುಗಿ, "ಹೋದ್ಮೇಲೆ ಇಬ್ಬರ ಮನೆಯಲ್ಲೂ ತೆಂಗಿನಕಾಯಿ ಒಡೆಸ್ಬೇಕು" ಎಂದರು.

ಕರಟ ಬೇಕಿತ್ತು ಅವರಿಗೆ. ಕಬ್ಬಿಣ ತಾಗಿಸಿದರೆ ಕಲ್ಲಿಗೆ ಗಾಯವಾಗುತ್ತದೆ. ಕರಟದ ಚೂರಿನ ಅಂಚು ಸುಣ್ಣವನ್ನು ಕೆರೆಯುತ್ತದೆ, ಕಲ್ಲನ್ನು ಬಿಡುತ್ತದೆ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ನೀರು ಚಿಮುಕಿಸಿ, ಕೆರೆಯತೊಡಗಿದರು. ಮೊದಲ ದಿನ ಒಬ್ಬರೇ. ಆಮೇಲೆ ತಂಗಿಯ ಮಗಳು ಬಂದಳು, ಮಲ್ಲತ್ತಹಳ್ಳಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟವಳು. ಅವಳ ಹಿಂದೆ ಚರ್ಚಿನ ಇನ್ನೂ ಕೆಲವು ಹೆಂಗಸರು. ಮಾತು, ನಗೆ, ಗಂಡಂದಿರ ಮೇಲಿನ ದೂರುಗಳ ನಡುವೆ ಕೆಲಸ ಸಾಗಿತು.

ಸುಣ್ಣ ಪುಡಿಯಾಗಿ ಬರಲಿಲ್ಲ, ಹೋಳು ಹೋಳಾಗಿ ಎದ್ದು ಬಂತು, ಹಳೆಯ ರೊಟ್ಟಿಯ ಹಾಗೆ. ಒಂದು ಹೋಳನ್ನು ಮೇಡಂ ಮಗುಚಿದರು. ಒಳಮೈಯಲ್ಲಿ ಅಕ್ಷರಗಳು ಉಬ್ಬಿ ನಿಂತಿದ್ದವು, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ. ಕಲ್ಲಿನ ಗುಳಿಗಳಲ್ಲಿ ಇಳಿದ ಮೊಟ್ಟಮೊದಲ ಸುಣ್ಣ ಅಲ್ಲೇ ಗಟ್ಟಿಯಾಗಿ ಅಚ್ಚು ಹಿಡಿದುಕೊಂಡಿತ್ತು. ಅಷ್ಟು ದಿನ ಹೆಸರುಗಳನ್ನು ಅಳಿಸಿಹಾಕಿದ್ದೇವೆ ಎಂದು ಸಂಕಟಪಡುತ್ತಿದ್ದವರು ಅವರು. ಸುಣ್ಣ ಮಳೆಗೂ ಹೊಗೆಗೂ ಸಿಗದಂತೆ ಅವನ್ನು ಕಾಪಾಡಿತ್ತು.

ಮೇಲಿನ ಸಾಲು ಹೀಗಿತ್ತು: "ದೊಡ್ಡ ಯುದ್ಧಕ್ಕೆ ಹೇಸರಗತ್ತೆಗಳನ್ನು ನಡಿಸಿಕೊಂಡು ಹೋಗಿ ತಿರುಗಿ ಬಾರದ ಈ ಸಭೆಯವರು." ಮೊದಲ ಮಹಾಯುದ್ಧಕ್ಕೆ ಹೋದ ಅವರು ಸಿಪಾಯಿಗಳಲ್ಲ. ಬಂದೂಕು ಹಿಡಿದವರ ಅನ್ನ, ನೀರು, ಮದ್ದು ಹೊತ್ತ ಪ್ರಾಣಿಗಳ ಹಗ್ಗ ಹಿಡಿದು ನಡೆದವರು. ಬುಡದಲ್ಲಿದ್ದ ದಿಂಬು ದಿಂಬಲ್ಲ, ಹೇಸರಗತ್ತೆಯ ಜೀನು. ಕತ್ತಿಯಿಲ್ಲ, ಬಂದೂಕಿಲ್ಲ, ಶಿಲುಬೆ ಕೂಡ ಇಲ್ಲ. ಹೊರೆ ಇಳಿಸಿ, ಪಟ್ಟಿ ಬಿಚ್ಚಿ, ನೆಲಕ್ಕೆ ಇಟ್ಟ ಜೀನು. ಬಿಚ್ಚಿದ ಪಟ್ಟಿಯ ತುದಿ ಕಲ್ಲಿನ ಅಂಚಿನಿಂದ ಕೆಳಗೆ ಜೋತಿತ್ತು. ಅದನ್ನು ಕಡೆದ ಕಲ್ಲುಕುಟಿಗ ಯುದ್ಧ ನೋಡಿರಲಿಕ್ಕಿಲ್ಲ. ದಿನವಿಡೀ ಹೊತ್ತ ಪ್ರಾಣಿಯ ಬೆನ್ನಿನಿಂದ ಸಂಜೆ ಜೀನು ಇಳಿಸುವುದನ್ನು ನೋಡಿದ್ದ, ಅದು ಖಂಡಿತ. ನಗರದ ಎಷ್ಟೋ ದೊಡ್ಡ ಸ್ಮಾರಕಗಳನ್ನು ನೋಡಿದ್ದೇನೆ. ಸಾವನ್ನು ಹೀಗೆ, ಕೆಲಸ ಮುಗಿದದ್ದು ಎಂದಷ್ಟೇ ಹೇಳಿ ಸುಮ್ಮನಾದದ್ದು ಇದೊಂದೇ.

ಜೀನಿನ ಮೇಲುಗಡೆ, ಕಂಬದ ಮುಖದಲ್ಲಿ, ಹೆಸರುಗಳು. ದೇವಸಹಾಯ. ಯಾಕೋಬ. ಚಿನ್ನಪ್ಪ. ಮತ್ತೆ ಕೆಲವು. ಒಂದೊಂದು ಬಿಡಿಸಿದಾಗಲೂ ಹೆಂಗಸರು ಮೇಡಂ ಮುಖ ನೋಡುತ್ತಿದ್ದರು, ಮೇಡಂ ಅಲ್ಲವೆಂದು ತಲೆಯಲ್ಲಾಡಿಸುತ್ತಿದ್ದರು. ಕೊನೆಯ ಹೆಸರೂ ಬಂತು. ಅದರ ಕೆಳಗೆ, ಜೀನಿಗೆ ತಾಗಿಕೊಂಡಂತೆ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು.

"ಮತ್ತು ಇವರ ಸಂಗಡಿಗರು."

ಅಷ್ಟೇ. ತಾತನ ಹೆಸರು ಇರಲಿಲ್ಲ.

ಆಗ ಮೇಡಂ ಅತ್ತುಬಿಟ್ಟರು ಎಂದು ಮೈಕಿನಲ್ಲಿ ಒಬ್ಬರು ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಕಣ್ಣು ಕೆಂಪಗಿತ್ತು, ನಿಜ. ಸುಣ್ಣದ ಧೂಳಿಗೆ ನಮ್ಮೆಲ್ಲರ ಕಣ್ಣೂ ಕೆಂಪಗಿತ್ತು. ಅತ್ತರೋ ಇಲ್ಲವೋ ನಾನು ಹೇಳಲಾರೆ, ಹೇಳುವವರನ್ನು ನಂಬಲಾರೆ. ನನಗೆ ಕೇಳಿಸಿದ್ದು ಇಷ್ಟು: "ಸಂಗಡಿಗರಂತೆ! ಹೆಸರಿಡೋಕೆ ಇವರಿಗೆಲ್ಲ ಅವ್ವಂದಿರು ಇರ್ಲಿಲ್ವಾ?"

ತಂಗಿಯ ಮಗಳು ಸಮಾಧಾನ ಹೇಳಲು ಹೋದಳು. "ದೊಡ್ಡಮ್ಮ, ಮುತ್ತಾತ ಆ ಸಂಗಡಿಗರಲ್ಲಿ ಇರಬಹುದಲ್ಲ."

"ಇರಬಹುದು ಅಂತ ಸೇರಿಸಬೇಡ. ಇಲ್ಲ ಅಂದ್ರೆ ಇಲ್ಲ."

ಸತ್ತವರ ದಿನ ಸೆಕ್ರೆಟರಿ ಬಂದರು, ಅಯ್ಯನವರು ಬಂದರು, ಸಮಿತಿಯೆಲ್ಲ ಬಂತು. ಮುಖದ ಮೇಲೆ ಹೆಸರು ಹೊತ್ತ ಕಲ್ಲಿನ ಮುಂದೆ ನಿಂತರು. ಸೆಕ್ರೆಟರಿ ಮೇಲಿನಿಂದ ಕೆಳಗಿನವರೆಗೆ ಓದಿ, ಮತ್ತೆ ಓದಿ, ಮೆತ್ತಗೆ ಕೇಳಿದರು: "ಮೇಡಂ, ನಿಮ್ಮ ತಾತ..."

"ಇಲ್ಲ."

"ಮತ್ತೆ ನೀವು ಹೇಳಿದ್ದು?"

"ತಪ್ಪು ಹೇಳಿದ್ದೆ. ನಮ್ಮಮ್ಮನೂ ತಪ್ಪು ತಿಳ್ಕೊಂಡಿದ್ಲು."

"ಹಂಗಿದ್ರೆ ಮಾತಿನ ಪ್ರಕಾರ..."

ಮೇಡಂ ಸ್ಟೂಲಿನಿಂದ ಎದ್ದರು. ಮಂಡಿ ಹಿಡಿದುಕೊಂಡು ನಿಧಾನವಾಗಿ ಎದ್ದರು, ಯಾರೂ ಕೈ ಕೊಡಲಿಲ್ಲ, ಕೊಡಲು ಧೈರ್ಯವಿರಲಿಲ್ಲ. "ನೋಡಪ್ಪಾ, ಇಷ್ಟು ದಿನ ನಮ್ಮ ತಾತಂಗೋಸ್ಕರ ಜಗಳ ಆಡ್ತಾ ಇದ್ದೆ. ಸ್ವಾರ್ಥ ಇತ್ತು, ನೀನು ಹೆಂಗೋ ಗೆಲ್ತಿದ್ದೆ. ಈಗ ಇದ್ರಲ್ಲಿ ನಮ್ಮೋರು ಯಾರೂ ಇಲ್ಲ. ಈಗ ತೆಗಿ, ನೋಡೋಣ."

ಕೈಯೆಲ್ಲ ಬೆಳ್ಳಗಾಗಿದ್ದ ಹೆಂಗಸರು ಕಲ್ಲಿನ ಸುತ್ತ ನಿಂತಿದ್ದರು. ಯಾರೂ ಅವರಿಗೆ ನಿಲ್ಲಲು ಹೇಳಿರಲಿಲ್ಲ. ಅಯ್ಯನವರು ಕನ್ನಡಕ ಒರೆಸಿಕೊಂಡು, ತಾವು ಕೊಟ್ಟ ತೀರ್ಪಿನ ವಿಷಯ ಎತ್ತದೆ, ಕಲ್ಲಿನ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿ ಪ್ರಾರ್ಥನೆ ಮಾಡಿದರು. ಸೆಕ್ರೆಟರಿಯ ಕಾರು ಆ ದಿನವೂ ಹೊರಗಿನ ರಸ್ತೆಯಲ್ಲೇ ನಿಂತಿತ್ತು. ಇವತ್ತಿಗೂ ಅಲ್ಲೇ ನಿಲ್ಲುತ್ತದೆ.

ಇಲ್ಲಿಗೆ ಮುಗಿಸಿದ್ದರೆ ಆಕೆ ಮೈಕಿನವರಿಗೆ ಒಪ್ಪುವಂಥ ವ್ಯಕ್ತಿಯಾಗುತ್ತಿದ್ದರು. ಮುಗಿಸಲಿಲ್ಲ. ಕಲ್ಲು ಉಳಿದ ಮೇಲೆ ಸೆಕ್ರೆಟರಿಗೇ ಅದರ ಮೇಲೆ ಮೋಹ ಹುಟ್ಟಿತು. ಅಕ್ಷರಗಳಿಗೆ ಚಿನ್ನದ ಬಣ್ಣ ತುಂಬಿಸೋಣ, ಸುತ್ತ ಕರಿ ಗ್ರಾನೈಟ್ ಹಾಕೋಣ, ಕೆಳಗಿನಿಂದ ಲೈಟು ಬಿಡೋಣ ಎಂದರು. ಎಲ್ಲರೂ ತಲೆದೂಗಿದರು. ಮೇಡಂ ಒಂದು ಬಕೆಟ್ ಸುಣ್ಣ ಕಲಸಿ ತಂದು, ಎಲ್ಲರ ಎದುರು, ಆ ಹೆಸರುಗಳ ಮೇಲೆ ಬಳಿದುಬಿಟ್ಟರು.

"ಏನ್ ಮೇಡಂ ಇದು! ಕಷ್ಟಪಟ್ಟು ತೆಗೆದಿದ್ದು ನೀವೇ!"

"ಮುಂದಿನ ವರ್ಷ ಮತ್ತೆ ತೆಗಿತೀನಿ."

"ಯಾಕೆ?"

"ಮೆಟ್ರೋ ಸ್ಟೇಷನ್ ಗೋಡೆ ಮೇಲೆ ಇಷ್ಟುದ್ದ ಬರ್ದಿದಾರೆ. ದಿನಾ ಹತ್ತಿ ಇಳೀತೀಯ. ಏನು ಬರ್ದಿದಾರೆ ಹೇಳು ನೋಡೋಣ." ಸೆಕ್ರೆಟರಿ ಮೆಟ್ರೋ ಇರುವ ದಿಕ್ಕಿಗೆ ತಿರುಗಿ ನೋಡಿದರು. "ಕಾಣೋ ಹಂಗಿಟ್ರೆ ಯಾರೂ ಓದಲ್ಲ ಕಣಪ್ಪಾ. ಕೆರೆದು ಓದಿದ್ರೆ ಉಗುರಿಗೆ ಹತ್ತುತ್ತೆ. ಅಲ್ಲದೆ, ನಮ್ಮ ಅಜ್ಜಿಯರು ಬಳಿದಿದ್ದು ತಪ್ಪು ಅಂತ ನಾನ್ಯಾಕೆ ಕಲ್ಲಲ್ಲಿ ಬರೆಸ್ಲಿ? ತೆಳ್ಳಗೆ ಒಂದು ಕೈ ಸಾಕು. ಮಿಕ್ಕಿದ್ದು ಚೆಲ್ಲಿ."

ಹೀಗೆ ಹೊಸ ಪದ್ಧತಿಯೊಂದು ಹುಟ್ಟಿತು. ಪ್ರತಿ ನವೆಂಬರ್ ಕೆರೆಯುವುದು, ಓದುವುದು, ಮತ್ತೆ ಬಳಿಯುವುದು. ಒಬ್ಬೊಬ್ಬರು ಒಂದೊಂದು ಹೆಸರು ಬಿಡಿಸಿ ಗಟ್ಟಿಯಾಗಿ ಓದುತ್ತಾರೆ. ಕೊನೆಯ ಸಾಲು ಮೇಡಂದು. ಆ ಸಾಲನ್ನು ಅವರು ಬಾಯಿಬಿಟ್ಟು ಓದುತ್ತಿರಲಿಲ್ಲ. "ಇದನ್ನ ಓದಿದ್ರೆ ಬರೆದೋನ ಮಾತಿಗೆ ಒಪ್ಪಿದ ಹಂಗೆ" ಎನ್ನುತ್ತಿದ್ದರು. ಕರಟ ಕೆಳಗಿಟ್ಟು, ಕೊರಳಿನ ಸೀಟಿ ಬಾಯಿಗಿಟ್ಟು, ಉಸಿರಿರುವಷ್ಟು ಹೊತ್ತು ಊದುತ್ತಿದ್ದರು. ಸಾಲಿನಲ್ಲಿ ಬಂದು ನಿಲ್ಲದವರನ್ನು ಮೈದಾನದ ಮೂಲೆಯಿಂದ ಕರೆಯುವಂತೆ. ಮೊದಲ ಸಲ ಅಯ್ಯನವರು ಬೆಚ್ಚಿದರು. ಆಮೇಲೆ ಆ ಸೀಟಿಗೆ ಕಾದು ಆಮೆನ್ ಹೇಳುವುದನ್ನು ಕಲಿತರು.

ಈ ವರ್ಷ ಮಳೆಗಾಲದಲ್ಲಿ ಮೇಡಂ ಹೋದರು. ನವೆಂಬರ್ ಬಂತು. ಕೆರೆಯುವ ದಿನ ತಂಗಿಯ ಮಗಳು ನನ್ನನ್ನೂ ಕರೆದಳು. ಕರಟ ಹಿಡಿದು ಅಂಗಳಕ್ಕೆ ಹೋದರೆ ಕಂಬ ಹಾಲಿನಂತೆ ಹೊಳೆಯುತ್ತಿದೆ. ಸುಣ್ಣವಲ್ಲ, ಪೇಂಟು. ಕೆಳಭಾಗದಲ್ಲಿ, ಜೀನಿನ ಮೇಲುಗಡೆ, ಕರಿ ಗ್ರಾನೈಟಿನ ಒಂದು ಫಲಕ. ಅದರಲ್ಲಿ ಚಿನ್ನದ ಅಕ್ಷರಗಳಲ್ಲಿ ಮೇಡಂ ಹೆಸರು.

ಸೆಕ್ರೆಟರಿ ಪಕ್ಕದಲ್ಲಿ ನಿಂತಿದ್ದರು, ಹೊಸ ಅಂಗಿ ತೊಟ್ಟು. "ಕಲ್ಲು ಉಳಿಸಿದೋರ ಹೆಸರು ಕಲ್ಲಲ್ಲಿ ಇರ್ಬೇಕಲ್ವಾ? ಪೇಂಟು ಮಳೆಗೆ ಏನೂ ಆಗಲ್ಲ. ಇನ್ನು ನಿಮಗ್ಯಾರಿಗೂ ಕೆರೆಯೋ ಕಷ್ಟ ಇಲ್ಲ." ಪ್ರೀತಿಯಿಂದಲೇ ಮಾಡಿದ್ದರು. ಆ ಕಲ್ಲಿಗೆ ಎಲ್ಲರೂ ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿದ್ದಾರೆ.

ತಂಗಿಯ ಮಗಳು ಫಲಕದ ಮೇಲೆ ಕೈಯಾಡಿಸಿದಳು. "ಇದರ ಕೆಳಗೆ ಏನಿತ್ತು ಸಾರ್?"

"ಕೆಳಗೆ? ಖಾಲಿ ಜಾಗ... ಒಂದು ಚಿಕ್ಕ ಸಾಲು ಇತ್ತು. ಅದ್ರಲ್ಲಿ ಯಾರ ಹೆಸರೂ ಇರ್ಲಿಲ್ವಲ್ಲ."

ಅವಳು ಯಾರ ಕಡೆಯೂ ನೋಡಲಿಲ್ಲ. ಬ್ಯಾಗಿನಿಂದ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದು, ಅದರ ಮೊನೆಯನ್ನು ಫಲಕದ ಅಂಚಿಗೆ ತೂರಿದಳು.

"ಏಯ್! ಮೇಡಂ ಹೆಸರು ಕಣಮ್ಮಾ ಅದು! ನಿನ್ನ ದೊಡ್ಡಮ್ಮಂದು!"

"ಗೊತ್ತು ಸಾರ್. ಅದಕ್ಕೇ."

ಇನ್ನಿಬ್ಬರು ಹೆಂಗಸರು ಕೈ ಹಾಕಿದರು. ನಾನೂ ಹಾಕಿದೆ. ಅಂಟು ಹೊಸದು, ಇನ್ನೂ ಪೂರ್ತಿ ಹಿಡಿದಿರಲಿಲ್ಲ. ಫಲಕ ಕಿತ್ತು ಬಂತು. ಪೇಂಟು ಕೂಡ ಬಂತು, ಒಳಗಿನ ಸುಣ್ಣದ ಸಮೇತ, ಹಾವಿನ ಪೊರೆಯಂತೆ ಉದ್ದುದ್ದಕ್ಕೆ. ಸೆಕ್ರೆಟರಿ ಮುಖ ತಿರುಗಿಸಿ ಗೇಟಿನ ಕಡೆ ನಡೆದರು, ಗೇಟಿನ ಹತ್ತಿರ ನಿಂತರು. ಹೋಗಲಿಲ್ಲ, ತಿರುಗಿಯೂ ಬರಲಿಲ್ಲ. ಅವರು ಕೊನೆಗೆ ಒಪ್ಪಿದರು ಎಂದು ನಾನು ಬರೆಯುವುದಿಲ್ಲ.

ಆ ಫಲಕ ಈಗ ಮಲ್ಲತ್ತಹಳ್ಳಿಯಲ್ಲಿ ನೀರಿನ ಡ್ರಮ್ಮಿನ ಕೆಳಗಿದೆ, ಅಕ್ಷರಗಳು ನೆಲದ ಕಡೆಗೆ. ಕಲ್ಲಿನಿಂದ ನಮ್ಮ ಕೈಯಾರೆ ಕಿತ್ತ ಹೆಸರನ್ನು ಇಲ್ಲಿ ತಂದು ಅಂಟಿಸಲು ನನಗೆ ಮನಸ್ಸಿಲ್ಲ.

ದೇವಸಹಾಯ ಎಂದರು ಒಬ್ಬರು. ಯಾಕೋಬ ಎಂದರು ಇನ್ನೊಬ್ಬರು. ಚಿನ್ನಪ್ಪ ನನ್ನ ಪಾಲಿಗೆ ಬಂದ. ಹೆಸರುಗಳೆಲ್ಲ ಮುಗಿದವು. ಕೊನೆಯ ಸಾಲಿನ ಮುಂದೆ ಎಲ್ಲರೂ ನಿಂತೆವು. ತಂಗಿಯ ಮಗಳು ಕುಪ್ಪಸದೊಳಗಿನಿಂದ ದಾರ ಎಳೆದಳು, ತುದಿಯಲ್ಲಿ ಸೀಟಿ. ಊದಿದಳು. ಮೊದಲು ಬರೀ ಗಾಳಿ ಬಂತು. ಕಾಲು ಜೋಡಿಸಿ, ಮಂಡಿ ನೆಟ್ಟಗೆ ಮಾಡಿ, ಮತ್ತೆ ಊದಿದಳು.

ಹೊರಗೆ ಮಾಗಡಿ ರಸ್ತೆಯ ಕಡೆ ಯಾವುದೋ ಆಟೋ ಕಿರ್ರೆಂದು ಬ್ರೇಕ್ ಹಾಕಿತು.